ಇಡ್ಲಿ ಮನೆಯ ಮೋಡ

ನಮ್ಮ ಮನೆಯ ಮೋಡ ಒಂದು ಕಾಲಕ್ಕೆ ಇಡೀ ಬೀದಿಯಲ್ಲೇ ದೊಡ್ಡದು. ಮುದುಕಿ ಜಂಬ ಕೊಚ್ಚಿಕೊಳ್ಳುತ್ತಿದ್ದಾಳೆ ಅಂದುಕೊಂಡರೆ ಅಂದುಕೊಳ್ಳಿ, ನನಗೇನೂ ಬೇಜಾರಿಲ್ಲ. ನಮ್ಮದು ಇಡ್ಲಿ ಮಾಡಿ ಮಾರುವ ಮನೆ. ಬೆಳಕು ಹರಿಯುವ ಹೊತ್ತಿಗೆ ಒಲೆಯ ಮೇಲೆ ಎರಡು ದೊಡ್ಡ ಪಾತ್ರೆ ಕುದಿಯುತ್ತಿದ್ದವು. ಆ ಹಬೆಯೆಲ್ಲ ಅಡುಗೆಮನೆಯ ಬೆಳಕಿಂಡಿಯಿಂದ ಹೊರಬಿದ್ದು, ಹೆಂಚಿನ ಮೇಲೆ ಎತ್ತರಕ್ಕೆ ಹೋಗಿ, ಅಲ್ಲಿ ತಣ್ಣಗಾಗಿ ಬೆಳ್ಳಗೆ ಒಟ್ಟುಗೂಡುತ್ತಿತ್ತು. ಬಿಸಿಲು ಏರುವಷ್ಟರಲ್ಲಿ ಎಕ್ಕಿದ ಅರಳೆಯಂತೆ ಗುಡ್ಡೆ ಬಿದ್ದಿರುತ್ತಿತ್ತು. ಹೊತ್ತು ಇಳಿಯುವಾಗ ಅದರ ಅಡಿ ಕಪ್ಪಾಗಿ, ನಮ್ಮ ಹೆಂಚಿನ ಮೇಲೆ ಮಾತ್ರ ಸುರಿದು, ತಗಡಿನ ದೋಣಿಯಲ್ಲಿ ಹರಿದು ಅಂಗಳದ ತೊಟ್ಟಿ ತುಂಬಿಸುತ್ತಿತ್ತು. ಮರುದಿನ ಅದೇ ನೀರಿನಲ್ಲಿ ಇಡ್ಲಿ.

ನಮ್ಮ ಊರಿಗೆ ಹೊಳೆಯಿಲ್ಲ, ಕೆರೆಯಿಲ್ಲ, ಬಾವಿ ತೋಡಿದರೆ ಬರೀ ಉಪ್ಪುನೀರು. ಒಂದೊಂದು ಮನೆಗೂ ಅದರದೇ ಮೋಡ, ಅದರದೇ ಮಳೆ. ಹಾಗಾಗಿ ನಮ್ಮ ಜನ ಬೀದಿಯಲ್ಲಿ ನಡೆಯುವಾಗ ಬಾಗಿಲು ನೋಡುವುದಿಲ್ಲ, ಹೆಂಚಿನ ಮಾಡಿನ ಮೇಲೆ ನೋಡುತ್ತಾರೆ. ಒಂಟಿಯಾಗಿರುವ ಮೇಷ್ಟರ ಮನೆಯ ಮೇಲೆ ಬಲು ಎತ್ತರದಲ್ಲಿ ತೆಳ್ಳಗೆ ಗರಿಮೋಡ. ಒಂದು ಲೋಟ ಕಾಫಿ, ಒಂದು ಹಿಡಿ ಅನ್ನ ಬೇಯಿಸಿದರೆ ಇನ್ನೆಷ್ಟು ಬಂದೀತು? ಬಾಣಂತಿ ಇರುವ ಮನೆಗೆ, ಕಾಯಿಲೆಯವರಿಗೆ ದಿನವಿಡೀ ಕಷಾಯ ಕಾಯಿಸುವ ಮನೆಗೆ ಹಾಸುಮೋಡ. ಕಂಬಳಿ ಹೊದಿಸಿದಂತೆ ಮಾಡಿನ ಮೇಲೇ ಮಲಗಿ ಜಿನುಗುತ್ತಲೇ ಇರುತ್ತದೆ, ಬಟ್ಟೆ ಒಣಗುವ ಮಾತೇ ಇಲ್ಲ. ಒಣಹಾಕಿದ ಸಂಡಿಗೆಯಂತೆ ಸಾಲಾಗಿ ಕಂಡರೆ ಅದು ಸಂಡಿಗೆಮೋಡ, ಆ ಮನೆಯ ಹವೆ ಬದಲಾಗುತ್ತಿದೆ ಎಂದು ಅರ್ಥ. ಯಾರು ಬಂದರು, ಯಾರು ಹೊರಟರು ಎಂದು ನಾವು ಹೋಗಿ ವಿಚಾರಿಸುತ್ತೇವೆ. ಇನ್ನು ಬೀದಿಯ ಹಿರಿಯರಾದ ತಿಪ್ಪೇಶಪ್ಪನವರ ಮನೆ. ಎಲ್ಲರ ಜಗಳ ತೀರಿಸುವವರು ಅವರು. ಅವರ ಮನೆಯಲ್ಲಿ ಒಲೆ ಮೂರು, ಸೊಸೆಯರು ಮೂವರು. ಆ ಕಾವಿಗೆ ಅವರ ಮೋಡ ದಿಮ್ಮನೆ ಮೇಲೇರಿ, ಇನ್ನು ಏರಲಾಗದೆ ಕಮ್ಮಾರ ಕಬ್ಬಿಣ ಬಡಿಯುವ ಅಡಿಗಲ್ಲಿನಂತೆ ನೆತ್ತಿ ಚಪ್ಪಟೆಯಾಗಿ, ವಾರದಲ್ಲಿ ಒಂದೆರಡು ಸಲವಾದರೂ ಗುಡುಗುತ್ತದೆ. ಆ ವಿಚಾರ ಅವರ ಎದುರಿಗೆ ಯಾರೂ ಎತ್ತುವುದಿಲ್ಲ.

ನಮ್ಮ ಮಗ ಗುರುಸಿದ್ದ ರುಬ್ಬುವ ಕಲ್ಲು ತರಲು ಕಲ್ಲುಗಣಿಯ ಊರೊಂದಕ್ಕೆ ಹೋಗಿದ್ದ. ಕಲ್ಲನ್ನೂ ತಂದ, ಅಲ್ಲಿಯ ಹುಡುಗಿಯೊಬ್ಬಳ ಸುದ್ದಿಯನ್ನೂ ತಂದ. ಹುಡುಗಿ ದಾಕ್ಷಾಯಿಣಿ. ತಾಯಿಯಿಲ್ಲದವಳು, ಮಾತು ಕಡಿಮೆ, ಕೆಲಸ ಹೆಚ್ಚು. ಮದುವೆಯಾಗಿ ಬಂದ ಹೊಸದರಲ್ಲಿ ಅಂಗಳದಲ್ಲಿ ನಿಂತು ಬಾಯಿ ತೆರೆದುಕೊಂಡು ಮೇಲೆ ನೋಡುತ್ತಿದ್ದಳು. ಅವಳ ಊರಿನಲ್ಲಿ ಮೋಡಗಳು ಯಾರ ಮನೆಯವೂ ಅಲ್ಲವಂತೆ. ಎಲ್ಲಿಂದಲೋ ಬಂದು, ಯಾರ ಮೇಲೋ ಸುರಿದು, ಎಲ್ಲಿಗೋ ಹೋಗುತ್ತವಂತೆ. ಕೇಳಿ ನಮಗೆಲ್ಲ ಅಯ್ಯೋ ಪಾಪ ಅನ್ನಿಸಿತು.

ದಾಕ್ಷಿಗೆ ಒಂದು ಹುಚ್ಚಿತ್ತು. ಗುಡಿಸುವುದು, ಒರೆಸುವುದು. ನಾನೇನು ಕೊಳಕಿಯಲ್ಲ, ಆದರೆ ಈ ಹುಡುಗಿಯ ಮುಂದೆ ನಾನು ಯಾವ ಲೆಕ್ಕ? ಬಂದ ಸ್ವಲ್ಪ ದಿನಕ್ಕೆ ಅಡುಗೆಮನೆಯ ಜಂತೆಗೆ ನನ್ನ ಅತ್ತೆಯ ಕಾಲದಿಂದ ಹತ್ತಿದ್ದ ಮಸಿಯನ್ನು ಏಣಿ ಹಾಕಿಕೊಂಡು ಕೆರೆದು ತೆಗೆದಳು. ಅಟ್ಟದ ಜೇಡರ ಬಲೆ ಹೋಯಿತು. ಸೌದೆ ಒಲೆಯ ಹೊಗೆ ಬೇಡವೆಂದು ಗುರುವಿಗೆ ಹೇಳಿ ಗ್ಯಾಸು ತರಿಸಿದಳು. ಕಿಟಕಿಗಳಿಗೂ ಬೆಳಕಿಂಡಿಗೂ ತೆಳ್ಳನೆಯ ಬಟ್ಟೆ ಹೊಲಿದು ಕಟ್ಟಿದಳು, ಬೀದಿಯ ಧೂಳು ಒಳಗೆ ಬರಬಾರದಂತೆ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ದೀಪ ಹಚ್ಚುವ ಮುಂಚೆ ಒಮ್ಮೆ ನೆಲ ಒರೆಸುವಳು. ಇಡ್ಲಿಗೆ ಬಂದವರು ಒಳಗೆ ಇಣುಕಿ, ಇದು ಅಡುಗೆಮನೆಯೋ ದೇವರಮನೆಯೋ ಎಂದು ಕೇಳುತ್ತಿದ್ದರು. ನನಗೆ ಹಿಗ್ಗೋ ಹಿಗ್ಗು. ಕಂಡವರ ಮುಂದೆಲ್ಲ ನನ್ನ ಸೊಸೆ ನನ್ನ ಸೊಸೆ ಎಂದು ಹೇಳಿಕೊಂಡು ತಿರುಗಿದೆ.

ಮೋಡ ಸಣ್ಣಗಾಗುತ್ತಿರುವುದು ಮೊದಲು ಗೊತ್ತಾದದ್ದು ನಮ್ಮ ಯಜಮಾನರಿಗೆ. ಅವರಿಗೆ ಬೇರೆ ಕೆಲಸವಿಲ್ಲ. ಚಟ್ನಿ ರುಬ್ಬಿಕೊಟ್ಟರೆ ಆಮೇಲೆ ಜಗಲಿಯ ಮೇಲೆ ಕೂತು ಮೇಲೆ ನೋಡುವುದೇ ಕೆಲಸ. ಗುಡ್ಡೆ ಬೀಳುತ್ತಿದ್ದದ್ದು ಹಾಸಾಯಿತು, ಹಾಸು ಹರಿದು ಸಂಡಿಗೆಯಾಯಿತು, ಸಂಡಿಗೆ ಕರಗಿ ಗರಿಯಾಯಿತು, ಒಂದು ದಿನ ಆ ಗರಿಯೂ ಇಲ್ಲ. ಮನೆಯ ಮೇಲೆ ನೀಲಿ ಆಕಾಶ, ತೊಳೆದಿಟ್ಟ ತಟ್ಟೆಯ ಹಾಗೆ.

ಹಬೆ ಸಾಲದು ಅಂದುಕೊಂಡೆವು. ನಮ್ಮ ಊರಿನವರು ಯಾರಾದರೂ ಹಾಗೇ ಅಂದುಕೊಳ್ಳುತ್ತಿದ್ದರು. ಇನ್ನೊಂದು ಪಾತ್ರೆ ಇಟ್ಟು ಬರೀ ನೀರನ್ನು ಕುದಿಸಿದೆವು. ಬಟ್ಟೆಗಳನ್ನು ಸುಮ್ಮಸುಮ್ಮನೆ ನೆನೆಸಿ ಒಣಹಾಕಿದೆವು. ಯಜಮಾನರು ದಿನಕ್ಕೆರಡು ಸಲ ಬಿಸಿನೀರಿನ ಸ್ನಾನ ಮಾಡಿ, ಮೈಯಿಂದೆಲ್ಲ ಹಬೆ ಏಳಿಸಿಕೊಂಡು ಅಂಗಳದಲ್ಲಿ ನಿಲ್ಲುತ್ತಿದ್ದರು. ಇದಕ್ಕೆಲ್ಲ ನೀರು ಬೇಕಲ್ಲ? ತೊಟ್ಟಿಯ ತಳ ಕಂಡಿತು. ಪಕ್ಕದ ಮನೆಯ ಹೊನ್ನಕ್ಕನ ಬಳಿ ಒಂದೊಂದೇ ಕೊಡ ಕಡ ತರುವ ಗತಿ ಬಂತು. ಅವಳು ಮೊದಮೊದಲು ನಗುತ್ತಾ ಕೊಟ್ಟಳು, ಆಮೇಲೆ ನಗದೆ ಕೊಟ್ಟಳು, ಕೊನೆಕೊನೆಗೆ ಕೊಡವನ್ನು ಸ್ವಲ್ಪ ಜೋರಾಗಿಯೇ ನೆಲಕ್ಕಿಡುತ್ತಿದ್ದಳು. ಅವಳದ್ದೂ ತಪ್ಪಲ್ಲ. ಅವಳ ಮನೆಯಲ್ಲಿ ಮಕ್ಕಳಿದ್ದಾರೆ, ಅವಳ ಮೋಡವೇನೂ ದೊಡ್ಡದಲ್ಲ.

ಮೋಡವಿಲ್ಲದ ಮನೆ ಇಡೀ ಬೀದಿಗೆ ಭಾರ. ಅದಕ್ಕೇ ನಮ್ಮಲ್ಲಿ ಒಂದು ಪದ್ಧತಿ ಇದೆ, ಹೊರಗಿಟ್ಟು ನೋಡುವುದು. ಮನೆಗೆ ಕೊನೆಯಲ್ಲಿ ಬಂದವರು ಮೊದಲು ಹೊರಗೆ ಹೋಗಬೇಕು. ಬೀದಿಯ ಕೊನೆಯ ಛತ್ರದಲ್ಲಿ ಮೂರು ದಿನ ಇರಬೇಕು. ಮನೆಯವರು ಹೋಗಿ ಮಾತಾಡಿಸುವಂತಿಲ್ಲ, ಊಟ ಬೇರೆ ಮನೆಯಿಂದ. ಅವರು ಹೊರಗಿದ್ದಾಗ ಮೋಡ ಕೂಡಿಕೊಳ್ಳದಿದ್ದರೆ ಅವರ ದೋಷವಲ್ಲ, ವಾಪಸು ಬರಬಹುದು; ಮುಂದಿನ ವಾರ ಮನೆಯ ಇನ್ನೊಬ್ಬರು ಹೋಗಬೇಕು. ಕೂಡಿಕೊಂಡರೆ ಮನೆಯನ್ನು ಒಣಗಿಸುತ್ತಿದ್ದವರು ಅವರೇ ಎಂದು ಲೆಕ್ಕ. ಅಂಥವರು ಮತ್ತೆ ಆ ಮಾಡಿನ ಕೆಳಗೆ ಮಲಗುವಂತಿಲ್ಲ. ಊರಿನಲ್ಲಿ ಬೇರೆ ಯಾರೂ ಮನೆಗೆ ಸೇರಿಸುವುದೂ ಇಲ್ಲ. ಬಸ್ಸು ಹತ್ತುವುದೊಂದೇ ದಾರಿ. ನನ್ನ ತಿಳುವಳಿಕೆಯಲ್ಲೇ ಹಾಗೆ ಬಸ್ಸು ಹತ್ತಿದವರು ಕೆಲವರಿದ್ದಾರೆ, ಹೆಚ್ಚಿನವರು ಹೆಂಗಸರು.

ತಿಪ್ಪೇಶಪ್ಪನವರು ಒಂದು ಸಂಜೆ ಬಂದು ಜಗಲಿಯ ಮೇಲೆ ಕೂತರು. ಕಾಫಿ ಕೊಟ್ಟರೆ ಬೇಡವೆಂದರು, ನೀರು ಕಡ ತಂದದ್ದೆಂದು ಅವರಿಗೆ ಗೊತ್ತು. ಬಹಳ ಹೊತ್ತು ಬೆಲ್ಲದ ಧಾರಣೆ ಮಾತಾಡಿ, ಕೊನೆಗೆ ನೆಲ ನೋಡುತ್ತಾ ಹೇಳಿದರು:

"ಚೆನ್ನಾಜಮ್ಮ, ಹುಡುಗೀನ ಸೋಮವಾರ ಛತ್ರಕ್ಕೆ ಕಳಿಸಿಕೊಡಿ. ನನಗೇನೂ ಖುಷಿಯಿಲ್ಲ ಇದರಲ್ಲಿ. ಆದ್ರೆ ಬೀದಿಯೋರು ಎಷ್ಟು ದಿನ ಅಂತ ನೀರು ಕೊಟ್ಟಾರು?"

ಬಾಗಿಲ ಹಿಂದೆ ದಾಕ್ಷಿ ನಿಂತಿದ್ದಳು, ಕೈಯಲ್ಲಿ ಒರೆಸುವ ಬಟ್ಟೆ. ಗುರು, ಅವಳು ಹೋದರೆ ನಾನೂ ಹೋಗುತ್ತೇನೆ ಎಂದು ಹಾರಾಡಿದ. ಅವಳೇ ಅವನನ್ನು ಸುಮ್ಮನಿರಿಸಿದಳು. ಸೋಮವಾರ ಬೆಳಿಗ್ಗೆ ಮನೆಯನ್ನೆಲ್ಲ ಇನ್ನೊಮ್ಮೆ ಒರೆಸಿಟ್ಟು, ಎರಡು ಸೀರೆಯನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು. ಮೆಟ್ಟಿಲಿಳಿಯುವಾಗ ಮೇಲೆ ನೋಡಲಿಲ್ಲ.

ಅವಳಿಲ್ಲದ ಮನೆಯಲ್ಲಿ ನನಗೆ ಯಾವುದಕ್ಕೂ ಕೈ ಏಳಲಿಲ್ಲ. ಕಸಬರಿಕೆ ಮೂಲೆಯಲ್ಲೇ ಇತ್ತು. ಆ ಗ್ಯಾಸಿನ ಒಲೆಯನ್ನು ಮುಟ್ಟಲು ನನಗೆ ಭಯ, ಯಾವತ್ತೂ ಹಚ್ಚಿದವಳಲ್ಲ. ಹಿತ್ತಿಲಿನಲ್ಲಿದ್ದ ಹಳೆಯ ಸೌದೆ ತಂದು ಹಳೆಯ ಒಲೆಗೇ ಬೆಂಕಿ ಹಾಕಿದೆ. ಹೊಗೆಗೆ ಉಸಿರು ಕಟ್ಟುತ್ತಿದೆ ಎಂದು ಯಜಮಾನರು ಕಿಟಕಿಗಳ ಬಟ್ಟೆ ಬಿಚ್ಚಿ ಎಸೆದರು, ಬೆಳಕಿಂಡಿಯದನ್ನೂ ಕೋಲಿನಿಂದ ಕಿತ್ತರು. ಗುರು ಸೈಕಲ್ಲನ್ನು ನಡುಮನೆಯವರೆಗೂ ತಂದು ನಿಲ್ಲಿಸಿ, ಮಣ್ಣು ಕಾಲಿನಲ್ಲೇ ಚಾಪೆಯ ಮೇಲೆ ಬಿದ್ದುಕೊಂಡ.

ಬುಧವಾರ ಬೆಳಿಗ್ಗೆ ನಾನು ಒಲೆಯ ಮುಂದೆ ಇದ್ದೆ. ಹೊರಗಿನಿಂದ ಯಜಮಾನರ ಕೂಗು ಕೇಳಿತು. ಓಡಿ ಬಂದೆ. ಅವರು ಅಂಗಳದ ನಡುವೆ ನಿಂತು ಎರಡೂ ಕೈ ಮೇಲೆತ್ತಿದ್ದರು, ಮುಖ ಅರಳಿತ್ತು.

"ಬಂತು ಕಣೇ, ಬಂತು" ಅಂದರು.

ಹೌದು, ಬಂದಿತ್ತು. ಹೆಂಚಿನ ಮೇಲೆ ತೆಳ್ಳನೆಯ ಗರಿ, ಅದರ ಪಕ್ಕದಲ್ಲಿ ಸಂಡಿಗೆ ಇಟ್ಟಂತೆ ನಾಲ್ಕಾರು ಬಿಳಿ ಚೂರು. ನನ್ನ ಕಣ್ಣು ತುಂಬಿತು. ಆ ನೀರು ಕೆನ್ನೆಗೆ ಇಳಿಯುವ ಮುಂಚೆಯೇ ಛತ್ರದಲ್ಲಿರುವ ದಾಕ್ಷಿಯ ನೆನಪಾಯಿತು. ಯಜಮಾನರ ಕೈಗಳೂ ನಿಧಾನವಾಗಿ ಕೆಳಗಿಳಿದವು. ಅವರು ತೊಟ್ಟಿಯ ಕಟ್ಟೆಯ ಮೇಲೆ ಕೂತು ತಲೆಯ ಮೇಲೆ ಕೈ ಹೊತ್ತರು. ತಿಂಗಳುಗಟ್ಟಲೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ ಮೋಡ, ಬರಬಾರದ ದಿನವೇ ಬಂದಿತ್ತು. ತಿಪ್ಪೇಶಪ್ಪನವರು ನೋಡಲು ಬರುವವರೆಗೂ ಅದು ಅಲ್ಲಿದ್ದರೆ ನಮ್ಮ ದಾಕ್ಷಿ ಬಸ್ಸು ಹತ್ತಬೇಕು, ಗುರು ಅವಳ ಹಿಂದೆ ಹತ್ತುತ್ತಾನೆ. ನಾವಿಬ್ಬರೂ ಮೋಡದ ಕೆಳಗೆ ಕೂತು ಏನು ಮಾಡುವುದು?

ಗುರು ಬೆಳಿಗ್ಗೆಯೇ ಸೈಕಲ್ಲಿನಲ್ಲಿ ಇಡ್ಲಿ ತೆಗೆದುಕೊಂಡು ಹೋಗಿದ್ದ, ಅದೊಂದು ಒಳ್ಳೆಯದಾಯಿತು. ನಾನು ಒಳಗೆ ಓಡಿ ಕುದಿಯುವ ಪಾತ್ರೆಯನ್ನು ಇಳಿಸಲು ಹೋದೆ. ಹಬೆ ನಿಂತರೆ ಮೋಡ ಕರಗುತ್ತದೆ, ನನ್ನ ಬುದ್ಧಿಗೆ ತೋಚಿದ್ದು ಅಷ್ಟೇ. ಆದರೆ ಒಲೆಯ ಮುಂದೆ ಬಂದು ಹಾಗೇ ನಿಂತುಬಿಟ್ಟೆ.

ಬೆಳಕಿಂಡಿಯಿಂದ ಬಿಸಿಲಿನ ಕೋಲೊಂದು ಒಳಗೆ ಬಿದ್ದಿತ್ತು. ಅದರಲ್ಲಿ ಧೂಳು ಕುಣಿಯುತ್ತಿತ್ತು, ಸೌದೆಯ ಹೊಗೆ ಸುರುಳಿ ಸುತ್ತುತ್ತಿತ್ತು. ಆ ಧೂಳನ್ನು ಎಷ್ಟೋ ತಿಂಗಳಾಗಿತ್ತು ನಾನು ನೋಡಿ. ದಾಕ್ಷಿ ಬಂದಮೇಲೆ ನಮ್ಮ ಮನೆಯ ಬಿಸಿಲಿನಲ್ಲಿ ಏನೂ ಕುಣಿಯುತ್ತಿರಲಿಲ್ಲ. ಪಾತ್ರೆಯ ಹಬೆ ಮೇಲೇರಿ ಬಿಸಿಲಿನ ಕೋಲನ್ನು ಮುಟ್ಟುತ್ತಿತ್ತು. ಮುಟ್ಟಿದ ಕಡೆ ಪ್ರತಿ ಧೂಳಿನ ಕಣವೂ ಅಷ್ಟು ಹಬೆಯನ್ನು ತನ್ನ ಸುತ್ತ ಸುತ್ತಿಕೊಂಡು ಬೆಳ್ಳಗೆ ದಪ್ಪಗಾಗುತ್ತಿತ್ತು. ಅಂಥವು ಒಂದಕ್ಕೊಂದು ಕೈ ಹಿಡಿದುಕೊಂಡು ಬೆಳಕಿಂಡಿಯಿಂದ ಹೊರಗೆ ಹೊರಟಿದ್ದವು. ಧೂಳಿಲ್ಲದ ಕತ್ತಲ ಮೂಲೆಯಲ್ಲಿ ಏರಿದ ಹಬೆ ಹಾಗೇ ಮಾಯವಾಗುತ್ತಿತ್ತು. ನನ್ನ ಕಾಲಿನ ಕೆಳಗೆ ನೆಲ ಕಿರಿಕಿರಿ ಎಂದಿತು.

ಆಗ ಎಲ್ಲವೂ ಗೊತ್ತಾಯಿತು. ಹಬೆಗೆ ಕೊರತೆಯಿರಲಿಲ್ಲ. ಹಬೆ ಮನೆತುಂಬ ಇತ್ತು, ಹಿಡಿದುಕೊಳ್ಳಲು ಅದಕ್ಕೆ ಏನೂ ಸಿಗುತ್ತಿರಲಿಲ್ಲ. ನನ್ನ ಸೊಸೆ ಆ ಹಿಡಿಕೆಯನ್ನೆಲ್ಲ ದಿನಕ್ಕೆ ಮೂರು ಸಲ ಒರೆಸಿ ಹೊರಗೆ ಚೆಲ್ಲುತ್ತಿದ್ದಳು. ನಾನು ಅವಳನ್ನು ಹೊಗಳಿ ಅಟ್ಟಕ್ಕೇರಿಸುತ್ತಿದ್ದೆ.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡಕ್ಕೂ ಪುರಸೊತ್ತಿರಲಿಲ್ಲ. ಇದನ್ನೆಲ್ಲ ತಿಪ್ಪೇಶಪ್ಪನವರಿಗೆ ಹೇಳಿದರೆ ಏನೆನ್ನುತ್ತಾರೆ? ಹಾಗಾದರೆ ಅವಳದೇ ದೋಷ ಎಂದಾಯಿತಲ್ಲ ಅನ್ನುತ್ತಾರೆ. ಪಾತ್ರೆಯ ನೀರನ್ನೇ ಒಲೆಗೆ ಚೆಲ್ಲಿ ಆರಿಸಿದೆ. ಸೀರೆ ಎತ್ತಿ ಸಿಕ್ಕಿಸಿಕೊಂಡು ಒರೆಸುವ ಬಟ್ಟೆ ಹಿಡಿದೆ. ಕೊಡದಲ್ಲಿ ನೀರಿಲ್ಲ, ಉದ್ದಿನಬೇಳೆ ತೊಳೆದ ನೀರು ಬಕೆಟ್ಟಿನಲ್ಲಿತ್ತು, ಅದರಲ್ಲೇ ಅದ್ದಿದೆ. ಯಜಮಾನರನ್ನು ಕರೆದು ಕಿಟಕಿ ಮುಚ್ಚಿಸಿದೆ. ಏಕೆ ಎಂದು ಕೇಳಿದರು. ಆಮೇಲೆ ಹೇಳುತ್ತೇನೆ, ಮೊದಲು ಬಗ್ಗಿ ಒರೆಸಿ ಅಂದೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ನೆಲ ಒರೆಸಿದ್ದು ಅದೇ ಮೊದಲು. ಒರೆಸುತ್ತಾ ಹಿಂದಕ್ಕೆ ಹೋಗಬೇಕೆಂದು ಅವರಿಗೆ ಗೊತ್ತಿರಲಿಲ್ಲ. ಮುಂದಕ್ಕೇ ಹೋಗಿ, ಒರೆಸಿದ್ದರ ಮೇಲೆಲ್ಲ ಮಂಡಿಯ ಗುರುತು ಮೂಡಿಸಿದರು.

ಮಧ್ಯಾಹ್ನದ ಹೊತ್ತಿಗೆ ಸಂಡಿಗೆಗಳು ಕರಗಿದ್ದವು. ಗರಿಯೊಂದು ಮಾತ್ರ ಹಠ ಹಿಡಿದು ಉಳಿದಿತ್ತು, ನಮ್ಮ ಮನೆಗೂ ಹೊನ್ನಕ್ಕನ ಮನೆಗೂ ನಡುವೆ ಸ್ವಲ್ಪ ಜಾರಿಕೊಂಡು. ಅಷ್ಟರಲ್ಲಿ ತಿಪ್ಪೇಶಪ್ಪನವರು ಕೊಡೆ ಊರುತ್ತಾ ಬಂದರು. ಕೊನೆಯ ದಿನ ನೋಡಲು ಬರುವುದು ಪದ್ಧತಿ. ಅವರು ಕಣ್ಣಿನ ಮೇಲೆ ಕೈ ಅಡ್ಡ ಹಿಡಿದು ಮೇಲೆ ನೋಡಿದರು. ಅವರ ಹಿಂದೆ ಬೀದಿಯ ಅರ್ಧ ಜನ. ಹೊನ್ನಕ್ಕ ತನ್ನ ಅಂಗಳದಲ್ಲಿ ಬಟ್ಟೆ ಹರವುತ್ತಿದ್ದವಳು ಹಾಗೇ ನಿಂತಳು.

"ಇದು ನಿಮ್ಮದೇನಮ್ಮ?" ಎಂದು ತಿಪ್ಪೇಶಪ್ಪನವರು ನನ್ನನ್ನು ಕೇಳಿದರು.

ಸುಳ್ಳು ಹೇಳಲು ನನಗೇನೂ ನಾಚಿಕೆಯಿರಲಿಲ್ಲ, ಆದರೆ ನನ್ನ ಸುಳ್ಳನ್ನು ಯಾರು ನಂಬುತ್ತಾರೆ? ಅಷ್ಟರಲ್ಲಿ ಗೋಡೆಯ ಆಚೆಯಿಂದ ಹೊನ್ನಕ್ಕನ ದನಿ ಬಂತು.

"ಅದು ನಮ್ದು. ಬೆಳಿಗ್ಗೆಯಿಂದ ರಾಗಿ ಮುದ್ದೆ ಮಾಡಿದ್ದೆ, ಗಾಳಿಗೆ ಆ ಕಡೆ ಸರ್ಕೊಂಡಿದೆ."

ರಾಗಿ ಮುದ್ದೆಯನ್ನು ಬೆಳಿಗ್ಗೆಯಿಂದ ಮಾಡುವವರು ಯಾರು? ತಿಪ್ಪೇಶಪ್ಪನವರು ಅವಳನ್ನು ನೋಡಿದರು, ನನ್ನನ್ನು ನೋಡಿದರು, ನನ್ನ ಯಜಮಾನರ ಒದ್ದೆ ಮಂಡಿಗಳನ್ನು ನೋಡಿದರು. ಏನು ತಿಳಿದರೋ ಗೊತ್ತಿಲ್ಲ. ನಿಮ್ಮದೇ ಇರಬೇಕು ಬಿಡಮ್ಮ ಎಂದು ಅವಳಿಗೆ ಹೇಳಿ, ಹುಡುಗಿಯನ್ನು ಕರೆದುಕೊಂಡು ಬನ್ನಿ ಎಂದು ನನಗೆ ಹೇಳಿ ಹೊರಟುಹೋದರು. ಜನ ಚದುರಿದರು. ನಾನು ಗೋಡೆಯ ಹತ್ತಿರ ಹೋದೆ. ಆಚೆಯಿಂದ ಹೊನ್ನಕ್ಕ ಮೆಲ್ಲಗೆ ಹೇಳಿದಳು:

"ನೀರು ಕೊಡೋದು ಕಷ್ಟ ಚೆನ್ನಾಜಕ್ಕ, ಸುಳ್ಳು ಯಾಕೆ ಹೇಳಲಿ. ಹಂಗಂತ ಇರೋ ಮನೆ ಮುರಿಯೋಕಾಗುತ್ತಾ?"

ದಾಕ್ಷಿಯನ್ನು ಕರೆತರಲು ನಾನೇ ಹೋದೆ. ಛತ್ರದ ಜಗಲಿಯನ್ನು ಥಳಥಳ ಹೊಳೆಯುವ ಹಾಗೆ ಒರೆಸಿಟ್ಟು, ಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಮನೆಗೆ ಬಂದಳು, ಒಳಗೆ ಬರಲಿಲ್ಲ. ಮೆಟ್ಟಿಲ ಮೇಲೆ ನಿಂತಳು.

"ನಾನು ನೋಡಿದೆ ಅತ್ತೆ. ಛತ್ರದಿಂದ ನಮ್ಮ ಮಾಡು ಕಾಣುತ್ತೆ. ಬೆಳಿಗ್ಗೆ ಮೋಡ ಬಂದಿತ್ತು. ನೀವು ಏನೋ ಮಾಡಿ ಓಡಿಸಿದ್ರಿ. ನನ್ನಿಂದ ನಿಮಗೆಲ್ಲ ಯಾಕೆ ತೊಂದರೆ? ನಾನು ಹೋಗ್ತೀನಿ."

ನಾನು ಅವಳ ಕೈ ಹಿಡಿದು ಸೀದಾ ಅಡುಗೆಮನೆಗೆ ಎಳೆದುಕೊಂಡು ಹೋದೆ. ಸೌದೆ ಒದ್ದೆಯಾಗಿತ್ತು, ಅವಳ ಗ್ಯಾಸನ್ನೇ ಅವಳ ಕೈಯಲ್ಲೇ ಹಚ್ಚಿಸಿ ಸಣ್ಣ ಪಾತ್ರೆಯಲ್ಲಿ ನೀರಿಡಿಸಿದೆ. ಪಡುಗಡೆಯ ಕಿಟಕಿ ತೆರೆದೆ, ಇಳಿಬಿಸಿಲು ಒಳಗೆ ಬಿತ್ತು. ಹಬೆ ಬಂತು, ಬಿಸಿಲಿನಲ್ಲಿ ಏರಿತು, ಮಾಯವಾಯಿತು. ನೋಡು ಅಂದೆ. ಆಮೇಲೆ ಗುರು ಮಲಗುವ ಚಾಪೆ ತಂದು ಬಿಸಿಲಿನಲ್ಲಿ ಒಮ್ಮೆ ಕೊಡವಿದೆ. ಧೂಳು ಎದ್ದಿತು, ಹಬೆ ಅದನ್ನು ಹಿಡಿದುಕೊಂಡಿತು, ಕಿಟಕಿಯ ಮುಂದೆ ಅಂಗೈ ಅಗಲದ ಬಿಳಿ ಮೋಡವೊಂದು ತೇಲಿತು. ಗುರು ಆಗತಾನೆ ಬಂದವನು ಬಾಗಿಲಲ್ಲಿ ನಿಂತು ನೋಡುತ್ತಿದ್ದ.

ಅವಳಿಗೆ ಸಂತೋಷವಾಗುತ್ತದೆ ಎಂದು ನಾನು ಅಂದುಕೊಂಡಿದ್ದೆ. ಅವಳು ಸೆರಗಿನಿಂದ ಮೂಗು ಬಾಯಿ ಮುಚ್ಚಿಕೊಂಡು ಗೋಡೆಯವರೆಗೂ ಹಿಂದಕ್ಕೆ ಸರಿದಳು. ಅವಳ ತಾಯಿ ಏನೋ ಕೆಮ್ಮಿನಿಂದ ತೀರಿಕೊಂಡರೆಂದು ನಮಗೆ ಗೊತ್ತಿತ್ತು, ಅದಕ್ಕಿಂತ ಹೆಚ್ಚು ನಾವು ಕೇಳಿರಲಿಲ್ಲ. ಆ ದಿನ ಹೇಳಿದಳು. ತಾಯಿ ಕಲ್ಲುಪುಡಿ ಮಾಡುವ ಕಡೆ ಕೂಲಿಗೆ ಹೋಗುತ್ತಿದ್ದರಂತೆ. ಬರುವಾಗ ರೆಪ್ಪೆಯವರೆಗೂ ಬೆಳ್ಳಗಾಗಿ ಬರುತ್ತಿದ್ದರಂತೆ. ಕೊನೆಕೊನೆಗೆ ಒಂದು ಮೆಟ್ಟಿಲು ಹತ್ತಿದರೆ ಉಸಿರಿಗೆ ಒದ್ದಾಡುತ್ತಿದ್ದರಂತೆ. ಆಸ್ಪತ್ರೆಯವರು ಎದೆಯ ತುಂಬ ಧೂಳು ಕೂತಿದೆ ಎಂದಿದ್ದರು.

"ಅಮ್ಮ ಮಲಗಿದ್ದಾಗ ದಿನವೆಲ್ಲ ಒರೆಸ್ತಿದ್ದೆ. ಒಂದು ಚೂರು ಧೂಳು ಇಲ್ಲದ ಹಾಗೆ ಇಟ್ಟರೆ ಉಳೀತಾಳೆ ಅಂದ್ಕೊಂಡಿದ್ದೆ" ಅಂದಳು.

ನನಗೆ ಅವಳನ್ನು ತಬ್ಬಿಕೊಳ್ಳದೆ ಇರಲಾಗಲಿಲ್ಲ. ಅವಳ ತಲೆ ಸವರುತ್ತಾ ನಿಂತೆ. ಇರು ಎಂದು ಹೇಳುವುದು ಸುಲಭ. ಇಲ್ಲಿ ಇರಬೇಕಾದರೆ ಅವಳು ಯಾವುದಕ್ಕೆ ಹೆದರುತ್ತಾಳೋ ಅದರ ಜೊತೆಗೇ ಇರಬೇಕು. ಬಲವಂತ ಮಾಡಲು ನನಗೆ ಮನಸ್ಸು ಬರಲಿಲ್ಲ. ನಾಳೆ ಯೋಚಿಸೋಣ, ಗುರು ನಿನ್ನನ್ನು ಕರೆದುಕೊಂಡು ಎಲ್ಲಿಗೆ ಹೋಗುವೆನೆಂದರೂ ನಾವು ಬೇಡವೆನ್ನುವುದಿಲ್ಲ ಎಂದು ಹೇಳಿದೆ.

ಅವಳು ಕಿಟಕಿಯ ಮುಂದಿನ ಆ ಅಂಗೈ ಅಗಲದ ಮೋಡವನ್ನೇ ನೋಡುತ್ತಿದ್ದಳು. ಅದು ಇನ್ನೂ ಕರಗಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಸೆರಗನ್ನು ಬಾಯಿಯಿಂದ ತೆಗೆದಳು.

"ಎಷ್ಟು ಬೇಕಾಗುತ್ತೆ ಅತ್ತೆ?" ಎಂದು ಕೇಳಿದಳು.

ಎಷ್ಟು ಬೇಕೆಂದು ನನಗೇನು ಗೊತ್ತು? ಎಲ್ಲರೂ ಸೇರಿ ಕಂಡುಕೊಂಡೆವು. ಸೌದೆ ಒಲೆ ಬೇಡ, ಮಸಿ ಬೇಡ. ಮಲಗುವ ಕೋಣೆ, ನಡುಮನೆ, ದೇವರಮನೆ ಅವಳ ಇಷ್ಟದಂತೆ. ಅಲ್ಲಿ ಒಂದು ಚೂರು ಕಾಣಬಾರದು, ಕಿಟಕಿಯ ಬಟ್ಟೆಗಳೂ ಇರಲಿ. ಅಡುಗೆಮನೆಯ ಬೆಳಕಿಂಡಿಯ ಬಟ್ಟೆ ಮಾತ್ರ ಬೇಡ. ಅದರ ಕೆಳಗಿನ ಹಲಗೆಯನ್ನು ಒರೆಸುವುದು ಬೇಡ. ಬೀದಿಯಿಂದ ತಾನಾಗಿ ಬಂದು ಕೂತದ್ದು ಕೂತಿರಲಿ. ಗುರು ಒಂದು ಒಪ್ಪಂದ ಮಾಡಿದ: ಚಾಪೆ ಕೊಡವುವುದು ಅವನ ಕೆಲಸ, ಆ ಹೊತ್ತಿನಲ್ಲಿ ಅವಳು ಅಂಗಳದಲ್ಲಿರಬೇಕು.

ಶುಕ್ರವಾರ ಮೊದಲು ಗರಿ ಬಂತು. ಬಿಸಿಲೇರಿದ ಮೇಲೆ ಸಂಡಿಗೆ. ನಾನು ದಾಕ್ಷಿಯನ್ನು ಬೇಕೆಂದೇ ಅಂಗಳದ ನಡುವೆ ಕುರ್ಚಿ ಹಾಕಿ ಕೂರಿಸಿ, ಮಡಿಲಿಗೆ ಒಂದು ಮೊರ ಅಕ್ಕಿ ಕೊಟ್ಟು ಆರಿಸು ಎಂದಿದ್ದೆ. ಬೀದಿಯವರೆಲ್ಲ ನೋಡಲಿ, ನಮ್ಮ ಸೊಸೆ ಮನೆಯಲ್ಲಿದ್ದಾಳೆ, ಅವಳ ತಲೆಯ ಮೇಲೇ ಮೋಡ ಕೂಡುತ್ತಿದೆ. ಜನ ನಿಂತು ನಿಂತು ನೋಡಿದರು. ಮಧ್ಯಾಹ್ನಕ್ಕೆ ಸಂಡಿಗೆಗಳು ಒಂದಕ್ಕೊಂದು ಅಂಟಿಕೊಂಡು ಅರಳೆಯಂತೆ ಉಬ್ಬಿ ಗುಡ್ಡೆಯ ಮೇಲೆ ಗುಡ್ಡೆ ಬಿದ್ದವು. ಯಜಮಾನರು ಊಟಕ್ಕೂ ಏಳಲಿಲ್ಲ. ತಿಪ್ಪೇಶಪ್ಪನವರು ಸುದ್ದಿ ಕೇಳಿ ಬಂದು, ಕುರ್ಚಿಯಲ್ಲಿದ್ದ ಹುಡುಗಿಯನ್ನೂ ಮೇಲಿನ ಮೋಡವನ್ನೂ ಬಹಳ ಹೊತ್ತು ನೋಡಿದರು. ಅವರಿಗೆ ಆಗ ಎಲ್ಲವನ್ನೂ ಹೇಳಿದೆ, ಧೂಳಿನದನ್ನೂ, ಬುಧವಾರದ್ದನ್ನೂ. ಅವರು ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಜಗಲಿಯ ಮೇಲೆ ಕೂತು, ಹಿಂದೆ ಬಸ್ಸು ಹತ್ತಿದವರ ಹೆಸರುಗಳನ್ನು ಮೆಲ್ಲಗೆ ಹೇಳಿಕೊಳ್ಳತೊಡಗಿದರು. ಅವರಲ್ಲಿ ಎಷ್ಟು ಮಂದಿ ಚೊಕ್ಕಟದವರಿದ್ದರೋ. ಹೊರಗಿಟ್ಟು ನೋಡುವುದು ಅವತ್ತಿಗೆ ನಿಂತಿತು. ಅದಾದ ಮೇಲೆ ಮೋಡ ಸಣ್ಣಗಾದ ಮನೆಗೆ ತಿಪ್ಪೇಶಪ್ಪನವರು ಹೋದರೆ ಮೊದಲು ಕಿಟಕಿಯ ಹಲಗೆಯ ಮೇಲೆ ಬೆರಳಾಡಿಸಿ ನೋಡುತ್ತಾರೆ.

ಹೊತ್ತು ಇಳಿಯುವಾಗ ಮೋಡದ ಅಡಿ ಕಪ್ಪಾಯಿತು. ಮೊದಲ ಹನಿ ದಾಕ್ಷಿಯ ಅಂಗೈ ಮೇಲೇ ಬಿತ್ತು. ಅವಳು ಅದನ್ನು ಒರೆಸಿಕೊಳ್ಳದೆ ಕಣ್ಣಿನ ಹತ್ತಿರ ತಂದು ನೋಡಿದಳು. ನಾನೂ ಬಗ್ಗಿ ನೋಡಿದೆ. ಹನಿಯ ಒಳಗೆ ಕಂಡೂ ಕಾಣದಷ್ಟು ಸಣ್ಣ ಕಣ. ಆಮೇಲೆ ಹೆಂಚಿನ ಮೇಲೆ ಸದ್ದು ಶುರುವಾಯಿತು, ದೋಣಿ ಹರಿಯಿತು, ತೊಟ್ಟಿಯ ಒಣಗಿದ ತಳಕ್ಕೆ ನೀರು ಧೋ ಎಂದು ಬಿತ್ತು. ಎಲ್ಲರೂ ನೆನೆದೆವು. ಮೊದಲ ಕೊಡ ಹೊನ್ನಕ್ಕನ ಮನೆಗೆ ಹೋಯಿತು. ದಾಕ್ಷಿಯೇ ಹೊತ್ತುಕೊಂಡು ಹೋಗಿ, ಸದ್ದಾಗದಂತೆ ಮೆಲ್ಲಗೆ ಇಳಿಸಿ ಬಂದಳು.

ಮೊನ್ನೆ ಒಂದು ಬೆಳಿಗ್ಗೆ ಯಜಮಾನರಿಗೆ ಕೆಲಸ ಮಾಡುವ ಉಮೇದು ಬಂತು. ಬುಧವಾರದ ಅಭ್ಯಾಸ ಇನ್ನೂ ಹೋಗಿಲ್ಲ ಎಂದು ನಾನು ಛೇಡಿಸಿದೆ. ಒದ್ದೆ ಬಟ್ಟೆ ಹಿಡಿದು ಅಡುಗೆಮನೆಯ ಗೋಡೆ ಒರೆಸುತ್ತಾ ಒರೆಸುತ್ತಾ ಬೆಳಕಿಂಡಿಯ ಕೆಳಗಿನ ಹಲಗೆಯವರೆಗೂ ಬಂದರು. ಹಿಟ್ಟು ರುಬ್ಬುತ್ತಿದ್ದ ದಾಕ್ಷಿ ಕೈಯಲ್ಲಿ ಹಿಟ್ಟಿದ್ದ ಹಾಗೇ ಎದ್ದು ಓಡಿ ಬಂದು ಅವರ ಮಣಿಕಟ್ಟು ಹಿಡಿದುಕೊಂಡಳು.

"ಮಾವ, ಅದನ್ನ ಮುಟ್ಟಬೇಡಿ" ಅಂದಳು. "ಅದು ಮೋಡದ್ದು."